ಕುರನೂರಿನಲ್ಲಿ ಕಳೆದ ಮಾಸ್ಕ್

ಮಾಸ್ಕ್ ಕಳೆದಿದೆ ಎಂದು ಹೇಳುವುದಕ್ಕೆ ಹೆಣ್ಣುಮಗಳೊಬ್ಬಳು ಕುರನೂರಿನಿಂದ ಹೋಟಗಿಯವರೆಗೆ ಸ್ಕೂಟಿ ಓಡಿಸಿಕೊಂಡು ಬಂದಳೆಂದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂತು.

“ತಂಗಿ, ಮೆಡಿಕಲ್‌ನಾಗ ಕೇಳು. ಕೊರೋನಾದಾಗ ಉಳಿದದ್ದು ಕಟ್ಟುಗಟ್ಟಲೆ ಬಿದ್ದಾವ,” ಎಂದೆ.

“ಆ ಮಾಸ್ಕ್ ಅಲ್ರಿ ಕಾಕಾ. ಸಮುದ್ರದಾಗ ಮುಳಗುವಾಗ ಕಣ್ಣಿಗಿ ಹಾಕೋದು. ಅದಿಲ್ಲಂದ್ರ ನಾ ಹೋಗೂದೇ ದಂಡ,” ಎಂದಳು. ಮಾತು ಮುಗಿಯುವಷ್ಟರಲ್ಲಿ ಅವಳ ದಪ್ಪ ಚಸ್ಮಾದ ಹಿಂದೆ ಕಣ್ಣು ತುಂಬಿತ್ತು. ನಾನು ಎದ್ದು ಕುರ್ಚಿ ಸರಿಸಿಕೊಟ್ಟೆ.

ನನ್ನ ಹೆಸರು ಭೀಮಣ್ಣ. ಹಿಟ್ಟಿನ ಗಿರಣಿಯನ್ನು ಅಳಿಯನ ಕೈಗೆ ಕೊಟ್ಟ ಮೇಲೆ ನನಗಿರುವ ಕೆಲಸ ಎರಡೇ. ನೀಲಾಬಾಯಿಯವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ತಿರುಗುವುದು, ಅವರ ಮುಂದೆ ತಪ್ಪು ಊಹೆ ಮಾಡುವುದು. ಎರಡನ್ನೂ ನಿಯತ್ತಿನಿಂದ ಮಾಡುತ್ತ ಬಂದಿದ್ದೇನೆ. ನೀಲಾಬಾಯಿ ರೈಲ್ವೆಯಲ್ಲಿ ಕಾಣೆಯಾದ ಪಾರ್ಸೆಲ್ಲುಗಳನ್ನು ಪತ್ತೆಹಚ್ಚುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಎಮ್ಮೆ ಕಳೆದರೂ, ಬೋರಮಾಳ ಸರ ಕಳೆದರೂ ಜನ ಹೋಟಗಿಯ ಅವರ ಮನೆಗೇ ಬರುತ್ತಾರೆ.

ನೀಲಾಬಾಯಿ ಅವಳ ಕೈಗೆ ಚಹಾ ಕೊಟ್ಟು ಎಲ್ಲವನ್ನೂ ಹೇಳಿಸಿದರು. ಹೆಸರು ಮನೀಷಾ. ಶಾಲೆಯಲ್ಲಿ ಟೀಚರು. ಗಂಡ ಅಮೋಲ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಟವೆಲ್ ಕಾರ್ಖಾನೆಯ ಸೂಪರ್‌ವೈಸರ್. ಇಬ್ಬರೂ ಬರುವ ವಾರ ಅಂದಮಾನಿಗೆ ಹೊರಟಿದ್ದರು. ಅಲ್ಲಿನ ಒಂದು ರೆಸಾರ್ಟಿನಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಸಮುದ್ರದ ತಳ ನೋಡುವುದನ್ನು ಕಲಿಸುತ್ತಾರಂತೆ.

“ಸಣ್ಣಾಕಿದ್ದಾಗ ಬೆಂಡು ಕಟ್ಕೊಂಡು ಬಾವ್ಯಾಗ ಈಜು ಕಲತೆ. ಅವಾಗಿಂದ ನೀರಿನ ತಳ ನೋಡಬೇಕಂತ ಆಶಾ. ಬರಿಗಣ್ಣಿಲೆ ನನಗ ನನ್ನ ಕೈನೇ ಕಾಣಂಗಿಲ್ಲ. ಮಾಸ್ಕಿನ ಒಳಗ ಚಸ್ಮಾ ಹಿಡಿಯಂಗಿಲ್ಲ. ಅದಕ್ಕ ನನ್ನ ಚಸ್ಮಾದ ನಂಬರಿನ ಕಾಜು ಕೂಡಿಸಿ ಮಾಸ್ಕ್ ಮಾಡಿಸಿದ್ದೆ. ರೆಸಾರ್ಟ್‌ನವ್ರು ಸಾದಾ ಮಾಸ್ಕ್ ಕೊಡ್ತಾರ, ನಂಬರಿಂದು ಇಲ್ಲ. ಹೊಸಾದು ಮಾಡಿಸಾಕ ಟೈಮಿಲ್ಲ.”

“ಚೀಲದಾಗ ಮತ್ತೇನಿತ್ತು?” ನೀಲಾಬಾಯಿ ಕೇಳಿದರು.

“ನೀರಾಗಿನ ಬ್ಯಾಟ್ರಿ, ಉಸರಾಡೋ ನಳಗಿ, ಕಾಲಿನ ರೆಕ್ಕಿ. ಎಲ್ಲಾ ಅದಾವ. ಮಾಸ್ಕ್ ಒಂದೇ ಇಲ್ಲ.”

“ಯಾರ ಮ್ಯಾಲೆ ಅನುಮಾನ?”

ಅವಳು ಕಪ್ಪನ್ನು ಕೆಳಗಿಟ್ಟಳು. “ಅತ್ತಿ ಮ್ಯಾಲೆ. ರಾತ್ರಿ ಡೈವ್ ಅಮಾಸಿ ದಿನಾನೇ ಇಟ್ಕೊಂಡೀನಿ. ಬೋಟ್ ಬೇಕಾಗಿಲ್ಲ, ದಂಡಿಯಿಂದನೇ ನಡಕೊಂತ ಇಳಿಯೂದು. ಕತ್ತಲಿದ್ದಷ್ಟು ಚಲೋ. ಒಳಗ ಬ್ಯಾಟ್ರಿ ಆರಿಸಿ ಕೈ ಆಡಿಸಿದ್ರ ನೀರು ಮಿನಗತದಂತ. ಅತ್ತಿ ಕೇಳಿ ಕೆಂಡ ಆದ್ರು. ‘ಅಮಾಸಿಗಿ ಚಂದ್ರನೂ ಇರಂಗಿಲ್ಲ. ಚಂದ್ರ ಒಬ್ಬನ ಬಿಟ್ರ ರಾತ್ರಿ ಏನದ ನೋಡಾಕ’ ಅಂದ್ರು.”

“ಹಂಗೇ ಅಂದ್ರಾ?”

“ಬರೋಬರ್ ಹಂಗೇ. ಮಾಸ್ಕ್ ಬಂದ ದಿನ ಎಲ್ಲಾರೂ ಹಾಕ್ಕೊಂಡು ನೋಡಿದ್ರು. ಮಾವನೋರು ತಲಿ ತಿರಗ್ತದ ಅಂದ್ರು. ಮೈದುನ ಓಂಕಾರ ಕಣ್ಣು ಎಳದಂಗ ಆಗ್ತದ ಅಂದ. ಇವರು ಹೋಗಿ ಕಂಬಕ್ಕ ಹಾಯ್ದ್ರು. ಅತ್ತಿ ಮಾತ್ರ ಹಾಕ್ಕೊಂಡು ಅಂಗಳದ ಕಡಿ ಮುಖಾ ಮಾಡಿ ಸುಮ್ಮ ಕುಂತ್ರು. ಆಮ್ಯಾಲೆ ತಗದು ಕೊಟ್ಟು, ಮಾತಾಡದ ಒಳಗ ಹೋದ್ರು. ಅಷ್ಟು ಸಿಟ್ಟು ಬಂದಿತ್ತು.” ಮನೀಷಾ ಚಸ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡಳು. “ಅಕ್ಕಾ, ಅವರೇ ಮುಚ್ಚಿಟ್ಟಿದ್ರ ನಾ ಆ ಮನ್ಯಾಗ ಇರಂಗಿಲ್ಲ. ಸೊಲ್ಲಾಪುರದಾಗ ಬಾಡಗಿ ಮನಿ ನೋಡಂತ ಇವರಿಗಿ ಹೇಳೀನಿ.”

ಹುಡುಗಿ ಬಾಯಿಮಾತಿಗೆ ಹೇಳುತ್ತಿಲ್ಲ ಎಂದು ನನಗೆ ಅನ್ನಿಸಿತು. ಮಾಸ್ಕಿನ ಜೊತೆ ಮನೆಯೂ ಒಡೆಯುವ ಹಾಗಿತ್ತು.

ಮಧ್ಯಾಹ್ನ ನಾವು ಕುರನೂರಿಗೆ ಹೋದೆವು. ಮನೆ ಹೊಲದಲ್ಲೇ ಇತ್ತು. ಮಾವ ಕಲ್ಯಾಣಪ್ಪ ದೊಡ್ಡ ದನಿಯ, ದೊಡ್ಡ ಮನಸ್ಸಿನ ಮನುಷ್ಯ. ಕೂತ ಕೂಡಲೇ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಬಂತು. ತನಿಖೆಗೆ ಇದಕ್ಕಿಂತ ಒಳ್ಳೆಯ ಆರಂಭ ನನಗೆ ಗೊತ್ತಿಲ್ಲ.

ರೊಟ್ಟಿ ತಂದವರು ಅತ್ತೆ ಚಂದ್ರಭಾಗಾ. ತೆಳ್ಳನೆಯ ಹೆಂಗಸು, ಮಾತು ಕಡಿಮೆ. ನನಗೆ ಕೂರಲು ಅಲ್ಲೊಂದು ಕೌದಿ ಮಡಿಸಿಟ್ಟಿತ್ತು. ಇನ್ನೇನು ಕೂರಬೇಕು, ಅವರು ಬಂದು ಸರಕ್ಕನೆ ಎಳೆದುಕೊಂಡರು.

“ಅದರ ಮ್ಯಾಲೆ ಬ್ಯಾಡ್ರಿ ಅಣ್ಣಾ. ಹೊಲಿಯೂದು ಮುಗದಿಲ್ಲ, ಸೂಜಿ ಚುಚ್ಚತದ.”

“ನಮ್ಮಾಕಿ ಕಣ್ಣಂದ್ರ ಹದ್ದಿನ ಕಣ್ಣು ನೋಡ್ರಿ,” ಎಂದು ಕಲ್ಯಾಣಪ್ಪ ಮೀಸೆ ತಿರುವಿದರು. “ನನಗ ಚಸ್ಮಾ ಇಲ್ಲದ ಪೇಪರ್ ಓದಾಕ ಬರಂಗಿಲ್ಲ. ಆಕಿ ಈ ವಯಸ್ಸಿನಾಗ ಬರಿಗಣ್ಣಿಲೆ ಸೂಜಿ ಪೋಣಸ್ತಾಳ, ಜ್ವಾಳದಾಗಿನ ಸಣ್ಣ ಕಲ್ಲು ಆರಸ್ತಾಳ.”

“ಭಾಳ ಚಲೋ,” ಎಂದರು ನೀಲಾಬಾಯಿ. ಹಾಗೆಂದು ಮತ್ತೊಂದು ರೊಟ್ಟಿ ತೆಗೆದುಕೊಂಡರು. ಅವರು ಎರಡನೆಯ ರೊಟ್ಟಿಗೆ ಕೈ ಹಾಕುವುದು ಏನೋ ಹೊಳೆದಾಗ ಮಾತ್ರ. ನನಗಂತೂ ಏನೂ ಹೊಳೆದಿರಲಿಲ್ಲ, ಆದರೂ ನಾಲ್ಕನೆಯದು ನಡೆದಿತ್ತು.

ಊಟವಾದ ಮೇಲೆ ಬಾವಿ ನೋಡಿದೆವು. ಒಳಗಿಳಿಯುವ ಪಾವಟಿಗೆಗಳ ಮೇಲೆ ಹಸಿರು ಪಾಚಿ ಹಾಗೇ ಇತ್ತು, ಕಾಲಿಟ್ಟ ಗುರುತಿರಲಿಲ್ಲ. ಯಾರೂ ನೀರಿಗೆ ಇಳಿದಿರಲಿಲ್ಲ.

ಕಾಲೇಜಿಗೆ ಹೋಗುವ ಓಂಕಾರ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಮುಖ ಸಿಂಡರಿಸಿಕೊಂಡು ನಿಂತಿದ್ದ. “ನನ್ನ ಮ್ಯಾಲೂ ಡೌಟ್ ಏನ್ರಿ? ನಮ್ಮ ಮನ್ಯಾಗ ಯಾರೋ ಚಾಡಿ ಹೇಳೋರು ಹುಟ್ಟ್ಯಾರ. ನಿನ್ನಿ ಧರಣದ ಕಟ್ಟಿ ಮ್ಯಾಲೆ ಕಾಲು ಇಳಿಬಿಟ್ಟು ಕುಂತಿದ್ನಿ. ಸುತ್ತ ಒಂದು ನರಪಿಳ್ಳಿ ಇರಲಿಲ್ಲ. ಮನಿಗಿ ಬಂದ್ರ ಅವ್ವ ಅದಕ್ಕೇ ಬೈದಳು. ಹೆಂಗ ಗೊತ್ತಾತು?”

ನಾನು ಮನೆಯ ಮೇಲಿನ ಬಯಲು ಮಾಳಿಗೆ ಹತ್ತಿ ನೋಡಿದೆ. ಅಲ್ಲಿಂದ ಕಣ್ಣು ಹಾಯಿಸಿದರೆ ಅವನು ಹೇಳಿದ ಧರಣ, ಬೋರಿ ನದಿಯ ಅಣೆಕಟ್ಟೆ, ಎದುರಿಗೇ ಕಾಣುತ್ತಿತ್ತು. ನೋಡಿದೆ, ಅಷ್ಟೇ. ತಲೆಯೊಳಗೆ ಏನೂ ಹೋಗಲಿಲ್ಲ.

ಸಂಜೆ ಅಮೋಲ ಕೆಲಸದಿಂದ ಬಂದ. ಅವನನ್ನು ಕಂಡದ್ದೇ ನನಗೆ ಪ್ರಕರಣ ಬಿಡಿಸಿದಂತಾಯಿತು. ಅಂದಮಾನ್ ಎಂದರೆ ಸಾಕು, ಅವನ ಮುಖ ಹುಳಿ ಮಜ್ಜಿಗೆ ಕುಡಿದವನ ಹಾಗೆ ಆಗುತ್ತಿತ್ತು.

ಹೊತ್ತು ಮುಳುಗುವ ಮೊದಲು ನೀಲಾಬಾಯಿ ಎಲ್ಲರನ್ನೂ ಮಾಳಿಗೆಗೆ ಕರೆದರು. ಚಂದ್ರಭಾಗಾ ಕೌದಿಯನ್ನು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕೂತರು.

“ಮೊದಲ ಭೀಮಣ್ಣ ಹೇಳಲಿ,” ಎಂದರು ನೀಲಾಬಾಯಿ. ಯಾವಾಗಲೂ ಹೀಗೇ, ನನ್ನನ್ನು ಮುಂದೆ ತಳ್ಳಿ ತಾವು ಹಿಂದೆ ನಗುತ್ತಾರೆ.

ನಾನು ಎದ್ದು ನಿಂತೆ. “ಅಮೋಲಗ ನೀರಂದ್ರ ಅಂಜಿಕಿ. ಹೋಗೂದು ತಪ್ಪಲಿ ಅಂತ ಅವನೇ ಮಾಸ್ಕ್ ಮುಚ್ಚಿಟ್ಟಾನ.”

“ಅಂಜಿಕಿ ಖರೇ ಅದರಿ,” ಎಂದ ಅಮೋಲ, ಹೆಂಡತಿಯ ಕಡೆ ನೋಡುತ್ತ. “ಬೋಟಿನಾಗ ವಾಂತಿ ಆಗ್ತದ. ಅದಕ್ಕ ದಂಡಿಯಿಂದ ಇಳಿಯೋ ಡೈವ್ ಅಷ್ಟೇ ಇರಲಿ ಅಂತ ನಾನೇ ಫೋನ್ ಮಾಡಿ ಠರಾಯಿಸೀನಿ. ಇಕಿ ಸಮುದ್ರ ನೋಡೂದು ತಪ್ಪಿಸಿದ್ರ ನಾ ಯಾತರ ಗಂಡ್ರಿ?”

ನಾನು ಕೂತೆ.

“ತಪ್ಪಿಸೋ ಮನಸಿದ್ದವ್ರು ಇಡೀ ಚೀಲ ಒಯ್ತಾರ,” ಎಂದು ನೀಲಾಬಾಯಿ ಆರಂಭಿಸಿದರು. “ಅಮಾಸಿ ರಾತ್ರಿ ಒಂದೇ ತಪ್ಪಿಸಬೇಕಂದ್ರ ಬ್ಯಾಟ್ರಿ ತಗೀತಾರ. ಮುಳಗೋ ಹುಚ್ಚು ಇದ್ದವ್ರು ನಳಗಿ ಬಿಡಂಗಿಲ್ಲ, ಮತ್ತ ಬಾವಿ ಪಾಚಿನೂ ಕೆಟ್ಟಿಲ್ಲ. ರೈಲ್ವೇದಾಗ ನಾ ಕಲತದ್ದು ಒಂದೇ. ಕಳದದ್ದು ಎಲ್ಲಿ ಅಂತ ಹುಡುಕಬ್ಯಾಡ್ರಿ, ಅದು ಯಾರಿಗಿ ಬೇಕಾಗಿತ್ತು ಅಂತ ಹುಡುಕ್ರಿ. ಮಾಸ್ಕ್ ಅಂದ್ರ ನೀರಿಂದು ಅಂತ ನೀವೆಲ್ಲಾ ನೀರೇ ನೋಡಿದ್ರಿ. ಒಯ್ದವ್ರಿಗಿ ಅದು ಒಣ ನೆಲದ ಮ್ಯಾಲೆ ಬೇಕಾಗಿತ್ತು.”

ಅವರು ಮುಂದುವರಿಸಿದರು.

“ಆ ಕಾಜಿನಾಗ ಮನೀಷಾನ ನಂಬರ್ ಅದ. ಕಣ್ಣು ನೆಟ್ಟಗಿದ್ದವ್ರಿಗಿ ತಲಿ ತಿರಗ್ತದ, ಕಂಬಕ್ಕ ಹಾಯ್ತಾರ. ಒಬ್ಬರಿಗಿ ಮಾತ್ರ ಏನೂ ಆಗಲಿಲ್ಲ. ಹಾಕ್ಕೊಂಡು ಸುಮ್ಮ ಕುಂತ್ರು. ಕಲ್ಯಾಣಪ್ಪ, ನೀವು ಹದ್ದಿನ ಕಣ್ಣು ಅಂದ್ರಿ. ಈ ವಯಸ್ಸಿಗಿ ಹತ್ತಿರದ್ದು ನೋಡಾಕ ನಮಗೆಲ್ಲಾ ಚಸ್ಮಾ ಬೇಕು. ಯಾರಿಗರ ಅದು ಬ್ಯಾಡಾಗಿದ್ರ ಅವರ ಕಣ್ಣು ಹುಟ್ಟಾ ಹತ್ತಿರದ್ದು ಅಷ್ಟೇ ನೋಡೂದು. ದೂರದ್ದು ಬರೇ ಮಂಜು. ಅಂಥವರು ಒಂದು ದಿನ ಧರಣದ ಕಟ್ಟಿ ಮ್ಯಾಲೆ ಕುಂತ ಮಗನ ಕಾಲು ನೋಡ್ತಾರಂದ್ರ, ಕಣ್ಣಿಗಿ ಏನೋ ಬಂದಿತ್ತು.”

ಓಂಕಾರ ತಿರುಗಿ ಅಣೆಕಟ್ಟೆಯ ಕಡೆ ನೋಡಿದ.

“ಇಷ್ಟೆಲ್ಲಾ ಆಮ್ಯಾಲೆ ತಿಳೀತು. ಆದ್ರ ಹೋಟಗ್ಯಾಗ ಚಹಾ ಕುಡಿವಾಗನೇ ನನಗ ಸಂಶಯ ಬಂದಿತ್ತು. ‘ಚಂದ್ರ ಒಬ್ಬನ ಬಿಟ್ರ ರಾತ್ರಿ ಏನದ ನೋಡಾಕ.’ ಹೊಲದಾಗಿನ ಮನಿ, ದೀಪದ ಕಾಟ ಇಲ್ಲ, ಮ್ಯಾಲೆ ಆಕಾಶ ತುಂಬ ಚಿಕ್ಕಿ. ಇಲ್ಲಿ ಬಾಳಿದವ್ರು ಹಂಗ ಅನ್ನಬೇಕಾದ್ರ, ಅವರು ಒಂದೂ ಚಿಕ್ಕಿ ಕಂಡಿರಬಾರದು.”

ಚಂದ್ರಭಾಗಾ ತಲೆ ಎತ್ತಲಿಲ್ಲ. ಮೆಲ್ಲಗೆ ಕೌದಿ ಬಿಚ್ಚಿದರು. ನಾನು ಕೂರಬೇಕಾಗಿದ್ದ ಜಾಗದಲ್ಲೇ, ಪದರದೊಳಗೆ, ಮಾಸ್ಕ್ ಮಲಗಿತ್ತು. ಅಂಚಿಗೆ ಕುಂಕುಮ ಹತ್ತಿತ್ತು. ನಾನು ಕೂತಿದ್ದರೆ ಅಂದಮಾನ್ ಪ್ರವಾಸ ಅಲ್ಲಿಗೇ ಮುಗಿಯುತ್ತಿತ್ತು, ನನ್ನ ತೂಕ ಅಂಥದ್ದು.

“ಕದಿಯೂದಕ್ಕ ಒಯ್ಯಲಿಲ್ಲ,” ಎಂದರು. “ಇದೇನೋ ಸಮುದ್ರದವ್ರು ಮಾಡಿದ ಯಂತ್ರ ಅಂತ ತಿಳಕೊಂಡೆ. ಅವತ್ತು ಹಾಕ್ಕೊಂಡಾಗ ಅಂಗಳದ ಬೇವಿನ ಗಿಡಕ್ಕ ಒಂದೊಂದು ಎಲಿ ಬ್ಯಾರೆ ಬ್ಯಾರೆ ಕಂಡು ಎದಿ ಝಲ್ ಅಂತು. ಎಲ್ಲಾರಿಗೂ ಹಿಂಗೇ ಕಾಣತದೇನು ಅಂತ ಯಾರಿಗಿ ಕೇಳ್ಲಿ? ಹದ್ದಿನ ಕಣ್ಣು ಅಂತೀರಿ. ಸಮುದ್ರಕ್ಕ ಹೋದ್ರ ಇದು ತಿರುಗಿ ಬರತದೋ ಇಲ್ಲೋ. ಎರಡು ದಿನ ನೋಡಿ ಚೀಲದಾಗ ಇಡೂಣಂದ್ರ, ಅಷ್ಟರಾಗ ಮನ್ಯಾಗ ಗದ್ದಲ ಎದ್ದಿತು. ಬಾಯಿ ಬರಲಿಲ್ಲ.”

“ಅವ್ವಾ, ಏನೇನ್ ನೋಡಿದಿ?” ಅಮೋಲ ಕೇಳಿದ.

“ನೀ ಗಾಡಿ ಮ್ಯಾಲೆ ಬರೂದು. ಮೂಲಿ ತಿರುವಿನಾಗೇ ಗುರ್ತು ಹಿಡದೆ. ಇಷ್ಟು ವರ್ಷ ಗಾಡಿ ಸಪ್ಪಳ ಕೇಳಿ ತಿಳಕೊಂತಿದ್ನಿ.”

ಕಲ್ಯಾಣಪ್ಪನವರ ದೊಡ್ಡ ದನಿ ಎಲ್ಲಿ ಹೋಯಿತೋ. “ನನಗ ಗೊತ್ತೇ ಆಗಲಿಲ್ಲಲ್ಲೇ,” ಎಂದು ಹೆಂಡತಿಯ ಪಕ್ಕ ಕೂತುಬಿಟ್ಟರು.

ನಾನು ಮನೀಷಾಳನ್ನೇ ನೋಡುತ್ತಿದ್ದೆ. ಬಾಡಿಗೆ ಮನೆಯ ಮಾತು ನನ್ನ ಕಿವಿಯಲ್ಲಿತ್ತು. ಅವಳು ಎದ್ದು ಬಂದು ತನ್ನ ಚಸ್ಮಾ ತೆಗೆದು ಅತ್ತೆಯ ಮೂಗಿನ ಮೇಲಿಟ್ಟಳು, ಕಿವಿಯ ಹಿಂದೆ ಕಡ್ಡಿ ಸರಿಮಾಡಿದಳು.

“ಯಂತ್ರ ಅಲ್ಲ ಅತ್ತಿ. ಬರೇ ನಂಬರು. ಇದರಾಗೂ ಅಷ್ಟೇ ಕಾಣತದ. ನಾಳೆ ಸೊಲ್ಲಾಪುರಕ್ಕ ಹೋಗಿ ಡಾಕ್ಟ್ರಿಗಿ ತೋರಿಸಿ ನಿಮಗ ನಿಮ್ಮದೇ ಮಾಡಸೂಣ. ನಾ ತಪ್ಪು ತಿಳಕೊಂಡೆ.”

ಅಷ್ಟರಲ್ಲಿ ಕತ್ತಲಾಗಿತ್ತು. ಚಂದ್ರಭಾಗಾ ಮೇಲೆ ನಕ್ಷತ್ರಗಳನ್ನು ನೋಡಿದರು. ನೋಡುತ್ತಲೇ ಇದ್ದರು. ಆಮೇಲೆ ಸೊಸೆಯನ್ನು ಮಾಳಿಗೆಯ ಆ ತುದಿಗೆ ಹೋಗಿ ನಿಲ್ಲಲು ಹೇಳಿ, ಅವಳ ಮುಖಕ್ಕೆ ಓಂಕಾರನಿಂದ ಮೊಬೈಲಿನ ಬೆಳಕು ಹಿಡಿಸಿದರು.

“ಚೆಂದ ಅದೀ,” ಎಂದರು. “ಹೋಗವ್ವಾ. ರಾತ್ರಿನೂ ಇಳಿ ನೀರಿಗಿ. ಏನ್ ಕಾಣತದ ಅಂತ ನನಗ ಹೇಳು.”

ಚಸ್ಮಾ ಇಲ್ಲದ ಮನೀಷಾ ಅಂದಾಜಿನಲ್ಲಿ ಅತ್ತೆಯ ಕಡೆ ಬರುವಾಗ ಈ ಸಲ ಅವಳೇ ಬಟ್ಟೆ ಒಣಹಾಕುವ ಕಂಬಕ್ಕೆ ಹಾಯ್ದಳು. ಅಳುತ್ತಿದ್ದವರೆಲ್ಲ ನಕ್ಕುಬಿಟ್ಟರು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳೇಕೆ ಹೇಳಲಿ.

ಅಮಾವಾಸ್ಯೆಗೆ ಕಲ್ಯಾಣಪ್ಪ ನಮ್ಮಿಬ್ಬರನ್ನು ಹೋಳಿಗೆ ಊಟಕ್ಕೆ ಕರೆದಿದ್ದರು. ಮಾಳಿಗೆಯ ಮೇಲೆ ಎಲೆಯ ಮುಂದೆ ಕೂತಿದ್ದಾಗ ಅಂದಮಾನಿನಿಂದ ಫೋನ್ ಬಂತು. ನೀರಿನಿಂದ ಈಗಷ್ಟೇ ಎದ್ದುಬಂದಿದ್ದ ಮನೀಷಾಳ ಹಲ್ಲು ಕಟಕಟ ಎನ್ನುವುದು ನಮಗೂ ಕೇಳಿಸುತ್ತಿತ್ತು.

“ಬ್ಯಾಟ್ರಿ ಆರಿಸಿದೇನು?” ಚಂದ್ರಭಾಗಾ ಕೇಳಿದರು.

“ಆರಿಸಿದೆ ಅತ್ತಿ. ಕೈ ಆಡಿಸಿದಲ್ಲೆಲ್ಲಾ ಚಿಕ್ಕಿ. ನೀರು ತುಂಬ ಚಿಕ್ಕಿ.”

ಚಂದ್ರಭಾಗಾ ಹೊಸ ಚಸ್ಮಾವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು ಮೇಲೆ ನೋಡಿದರು.

“ಇಲ್ಲೂ ಅದಾವ,” ಎಂದರು. “ಅಲ್ಲಿವು ನೀ ನೋಡು. ಇಲ್ಲಿವು ನಾ ನೋಡಾಕತ್ತೀನಿ.”