ಕೊಂಡಿಯ ಬೋಲ್ಟು

ಎರಡು ತುಂಡಾದ ಬೋಲ್ಟನ್ನು ಮೋನಮ್ಮ ಪತ್ತಾರ, ಬಿಡಿಭಾಗ ತಯಾರಿಸುವ ಯಂತ್ರದ ತಟ್ಟೆಯಲ್ಲಿಟ್ಟಳು. ಯಂತ್ರ ಎಕ್ಸ್-ಕಿರಣ ಹಾಯಿಸಿ ಲೋಹದ ಕಣಕಣವನ್ನೂ ಓದಿತು; ಎಂಥ ಎಳೆತಕ್ಕೆ ಅದು ಸೋತಿತೆಂದು ಅಂದಾಜಿಸಿತು; ಉಕ್ಕಿನ ಪುಡಿ ಕರಗಿಸಿ ಪದರದ ಮೇಲೆ ಪದರ ಕೂರಿಸಿತು. ಆರು ನಿಮಿಷಕ್ಕೆ ಹೊಸ ಬೋಲ್ಟು ಹೊರಬಿತ್ತು, ಇನ್ನೂ ಬಿಸಿಯಾಗಿತ್ತು.

೨೦೬೧ನೇ ಇಸವಿ, ಅಂಟಾರ್ಕ್ಟಿಕಾದ ಒಂದು ಸಂಶೋಧನಾ ಠಾಣೆ. ರಾಣೆಬೆನ್ನೂರಿನಲ್ಲಿ ಇಪ್ಪತ್ತು ವರ್ಷ ಟ್ರ್ಯಾಕ್ಟರು ಬಿಚ್ಚಿ ಕಟ್ಟಿದ್ದ ಮೋನಮ್ಮ ಇಲ್ಲಿ ಹಿಮದ ಮೇಲೆ ಓಡುವ ಸ್ನೋಮೊಬೈಲುಗಳ ಮೆಕ್ಯಾನಿಕ್. ಈ ಯಂತ್ರ ಬಂದಮೇಲೆ ಹಡಗಿನಲ್ಲಿ ಬೋಲ್ಟಿನ ಪೆಟ್ಟಿಗೆ ತರುವುದನ್ನೇ ನಿಲ್ಲಿಸಿದ್ದರು.

"ಹಳೆಯದಕ್ಕಿಂತ ಮೂರು ಪಟ್ಟು ಗಟ್ಟಿ," ಎಂದರು ಯಂತ್ರವನ್ನು ಕಂಡುಹಿಡಿದ ಡಾ. ವಾದಿರಾಜ ಮುದ್ರಾಡಿ. ಕಡುಚಳಿಯಲ್ಲಿ ಅದರ ಕೆಲಸ ನೋಡಲೆಂದೇ ಅವರು ಬಂದಿದ್ದರು.

ಅದು ಸ್ನೋಮೊಬೈಲಿಗೂ ಅದರ ಹಿಂದಿನ ಸರಕಿನ ಜಾರುಬಂಡಿಗೂ ನಡುವಿನ ಕೊಂಡಿಯ ಬೋಲ್ಟು. ಮೋನಮ್ಮ ಅದನ್ನು ಅಂಗೈಯಲ್ಲಿ ಹೊರಳಿಸಿದಳು.

"ಸರ್, ನಮ್ಮ ಕಡೆ ಒಕ್ಕಣಿ ಮಿಷನ್ದಾಗ, ಭಾರ ಬಿದ್ರ ಮಿಷನ್ ಉಳೀಲಿ ಅಂತ, ಒಂದು ಬೋಲ್ಟು ಮುರೀಲಿಕ್ಕಂತನ ಇಟ್ಟಿರ್ತಾರ್ರಿ. ಇದೂ ಅಂಥಾದ್ದ ಇರಬಹುದೇನು?"

"ಕೊಂಡಿ ಮುರಿದರೆ ಏನು ಲಾಭ, ಮೋನಮ್ಮ? ನಿನ್ನೆ ಸರಕು ಅರ್ಧ ದಾರಿಯಲ್ಲೇ ಉಳೀತಲ್ಲ."

ಅದೂ ನಿಜವೇ. ಆದರೂ ಅವಳಿಗೆ ಗಾಡಿಯ ಹಳೆಯ ಕೈಪಿಡಿ ತೆಗೆದು ನೋಡಬೇಕೆನಿಸಿತು. ಅಷ್ಟರಲ್ಲಿ ಚಾಲಕ ತೆನ್ಜಿನ್ ಬಾಗಿಲಲ್ಲಿ ನಿಂತಿದ್ದ. ಬೈಲಕುಪ್ಪೆಯವನು; ಇಡೀ ಠಾಣೆಯಲ್ಲಿ ಅವಳನ್ನು ಅಕ್ಕ ಎನ್ನುವವನು ಅವನೊಬ್ಬನೇ.

"ಆಯ್ತಾ ಅಕ್ಕ? ಗಾಳಿ ಏಳೋದರೊಳಗೆ ಆ ಸರಕು ಮುಟ್ಟಿಸಿ ಬರ್ಬೇಕು."

"ಆತು. ನೋಡಿಕೊಂಡು ಹೋಗಪಾ," ಎಂದು ಬೋಲ್ಟು ಬಿಗಿದುಕೊಟ್ಟಳು.

ಹದಿನಾಲ್ಕು ಕಿಲೋಮೀಟರು ದಾಟಿದ ಮೇಲೆ ಹಿಮದಡಿ ಒಂದು ಬಿರುಕು ಅಡಗಿತ್ತು. ಮೇಲಿನ ತೆಳು ಹೊದಿಕೆ ತೆನ್ಜಿನ್‌ನ ಗಾಡಿಯನ್ನು ತಡೆದುಕೊಂಡಿತು, ಹಿಂದೆ ಬಂದ ಜಾರುಬಂಡಿಯ ಭಾರಕ್ಕೆ ಕುಸಿಯಿತು. ಅವನ ಹಿಂದೆ ಇನ್ನೊಂದು ಗಾಡಿಯಲ್ಲಿ ಬರುತ್ತಿದ್ದವರು ಕಣ್ಣಾರೆ ಕಂಡರು: ಎಣ್ಣೆಯ ಪೀಪಾಯಿಗಳ ಸಮೇತ ಜಾರುಬಂಡಿ ಒಳಗೆ ತೂಗಿತು, ಕೊಂಡಿ ಬಿಡಲಿಲ್ಲ, ಗಾಡಿ ಹಿಮ್ಮುಖವಾಗಿ ಜಾರುತ್ತ ಅದರ ಹಿಂದೆಯೇ ಹೋಯಿತು. ತೆನ್ಜಿನ್ ಹ್ಯಾಂಡಲ್ ಬಿಟ್ಟಿರಲಿಲ್ಲ.

ಮೂರನೆಯ ದಿನ ಅವನ ದೇಹವನ್ನೂ ಗಾಡಿಯನ್ನೂ ಮೇಲೆತ್ತಿದರು. ಗಾಡಿಯ ಚೌಕಟ್ಟು ನುಜ್ಜುಗುಜ್ಜಾಗಿತ್ತು. ಬೋಲ್ಟಿಗೆ ಒಂದು ಗೀರೂ ಇರಲಿಲ್ಲ. ಮೋನಮ್ಮ ಆಗ ಕೈಪಿಡಿ ತೆರೆದಳು. ಜಾರುಬಂಡಿ ಬಿರುಕಿಗೆ ಬಿದ್ದರೆ ಆ ಬೋಲ್ಟು ಮೊದಲು ಮುರಿದು ಗಾಡಿಯನ್ನು ಬಿಡಿಸಬೇಕು, ಅದಕ್ಕಿಂತ ಗಟ್ಟಿಯಾದದ್ದನ್ನು ಹಾಕಕೂಡದು ಎಂದು ಎರಡು ಸಾಲಿನಲ್ಲಿ ಬರೆದಿತ್ತು.

ಮುದ್ರಾಡಿಯವರು ಅದನ್ನು ಓದಿ ಕೈಪಿಡಿ ಮುಚ್ಚಿದರು.

"ಮುರಿದದ್ದೆಲ್ಲ ತಪ್ಪು ಅಂತಲೇ ನಾನು ಯಂತ್ರಕ್ಕೆ ಕಲಿಸಿದ್ದು," ಎಂದರು.

"ನಾ ಕೇಳಿದ್ನಿ ಸರ್. ಕೇಳಿ ಸುಮ್ಮನಾದ್ನಿ," ಎಂದಳು ಮೋನಮ್ಮ. "ಊರ ಕಡೆ ಈ ಮಿಷನ್ ಎಷ್ಟು ಅದಾವ್ರಿ?"

"ನಲವತ್ತು ಸಾವಿರ. ಬಸ್ ಡಿಪೋ, ಲಿಫ್ಟು, ಕ್ರೇನು, ಗಿರಣಿ…"

"ಅಲ್ಲೆಲ್ಲ ಯಾವುದು ಮುರೀಬೇಕು, ಯಾವುದು ಮುರೀಬಾರದು ಅಂತ ಗೊತ್ತಿದ್ದವರು ಇದ್ದಾರೇನ್ರಿ?"

"ಇದ್ದರು," ಎಂದರು ಮುದ್ರಾಡಿ. "ಯಂತ್ರ ಬಂದ ವರ್ಷವೇ ಅವರನ್ನೆಲ್ಲ ಮನೆಗೆ ಕಳಿಸಿದೆವು."