ಕಾರಿನ ಹಿಂದೆ ಅಡಗಿದ ಕಾಗದ

ಆ ಕಾಲಕ್ಕೆ ಇಡೀ ಹಾಸನ ಜಿಲ್ಲೆಯಲ್ಲಿ ಒಬ್ಬನಿದ್ದ. ಅವನ ಚಪ್ಪಲಿ ಸದ್ದು ಕೇಳಿದರೆ ಸಾಕು, ಕೆಟ್ಟ ಕಂಪ್ಯೂಟರ್ ಹೆದರಿ ತಾನೇ ಸರಿಹೋಗುತ್ತಿತ್ತು. ಶಾಂತಿಗ್ರಾಮದ ಮೋಹನ್‌ಕುಮಾರ್. ಸುಳ್ಳೆನಿಸಿದರೆ ಚನ್ನರಾಯಪಟ್ಟಣದ ಯಾವ ಕಂಪ್ಯೂಟರನ್ನಾದರೂ ಕೇಳಿ.

ಅಂಥವನೂ ೨೦೦೩ರ ಒಂದು ಶನಿವಾರ ಮೌಸ್ ಹಿಡಿದು ಸೋತು ನಿಂತಿದ್ದ. ಅವನು ಕಲಿಸುತ್ತಿದ್ದ ಟ್ರೈನಿಂಗ್ ಸೆಂಟರಿನ ಏಳನೇ ಕಂಪ್ಯೂಟರಿನ ಮುಂದೆ ಕೂತಿದ್ದವಳು ಇಂಚರ, ರುದ್ರಪಟ್ಟಣದ ಸಂಗೀತದ ಮನೆಯ ಹುಡುಗಿ. ಅವಳ ಕೋರ್ಸು ಅಂದಿಗೆ ಮುಗಿದಿತ್ತು. ಮಧ್ಯಾಹ್ನ ಒಂದರ ಬಸ್ಸಿಗೆ ಊರಿಗೆ ಹೊರಡುವವಳಿದ್ದಳು. ಆರು ತಿಂಗಳಿಂದ ಅವನು ಅವಳನ್ನು ಕದ್ದು ನೋಡಿದ ನೋಟಗಳನ್ನು ಸಾಲಾಗಿ ಜೋಡಿಸಿದ್ದರೆ ಅರಕಲಗೂಡು ಮುಟ್ಟುತ್ತಿದ್ದವು.

ಪರದೆ ತುಂಬ ಕಾರ್ ರೇಸ್ ಆಟ. ಮೌಸಿನ ಬಾಣ ಅದರೊಳಗೆ ಸಿಕ್ಕಿಬಿದ್ದು ಹೊರಗೆ ಬರಲೊಲ್ಲದು.

"ರೀಸ್ಟಾರ್ಟ್ ಮಾಡಿಬುಡ್ತೀನಿ ಕಣ್ರೀ."

"ಬೇಡಿ ಸರ್. ಆಟದ ಹಿಂದೆ ಒಂದು ಕಾಗದ ಟೈಪ್ ಮಾಡಿದೀನಿ. ಸೇವ್ ಮಾಡಿಲ್ಲ."

"ಕಾಗದ ಬರೆಯೋರು ಕಾರ್ ಯಾಕ್ ಓಡಿಸಿದ್ರಿ?"

"ನೀವು ಈ ಕಡೆ ಬಂದ್ರಲ್ಲ, ಮುಚ್ಚೋಕೆ."

"ಯಾರಿಗೆ ಕಾಗದ?"

"ಒಬ್ಬರಿಗೆ." ರೆಪ್ಪೆ ಎತ್ತಿದಳು, ತಟ್ಟನೆ ಇಳಿಸಿದಳು.

ಗಡಿಯಾರದಲ್ಲಿ ಹನ್ನೊಂದು ಐವತ್ತೆರಡು. ಹನ್ನೆರಡಕ್ಕೆ ಲೋಡ್‌ಶೆಡ್ಡಿಂಗ್. ಯುಪಿಎಸ್ ಬ್ಯಾಟರಿ ಸತ್ತು ತಿಥಿಯೂ ಆಗಿತ್ತು.

ಆಲ್ಟ್ ಹಿಡಿದು ಟ್ಯಾಬ್ ಒತ್ತಿದ. ಕಾಗದ ಮಿಂಚಿನಂತೆ ಕಂಡಿತು, ಆಟ ಮತ್ತೆ ಅದರ ಮೇಲೆ ಬಿತ್ತು. ಅಷ್ಟರಲ್ಲಿ ಕಣ್ಣಿಗೆ ಬಿದ್ದದ್ದು 'ಪ್ರೀತಿಯ'. ಮತ್ತೆ ಒತ್ತಿದ. 'ಮರೆಯಲಾರೆ'. ಯಾವ ಪುಣ್ಯಾತ್ಮನಿಗೋ!

ಸುಮ್ಮನಿದ್ದರೆ ಸಾಕು, ಕರೆಂಟ್ ಹೋಗಿ ಆ ಕಾಗದದ ಕಥೆ ಮುಗಿಯುತ್ತಿತ್ತು. ಅವನ ಬೆರಳು ಕೀ ಮೇಲೆ ತಡೆದು ನಿಂತಿತು.

"ಇನ್ನೊಂದ್ಸಲ ಬರೆಯೋಕೆ ನನಗೆ ಧೈರ್ಯ ಬರಲ್ಲ ಸರ್," ಎಂದಳು ದುಪಟ್ಟದ ತುದಿ ತಿರುಚುತ್ತ.

ಮೋಹನ್‌ಕುಮಾರ್ ಆಲ್ಟ್ ಹಿಡಿದು ಎಂಟರ್ ಒತ್ತಿದ. ಆಟ ಕುಗ್ಗಿ ಪುಟ್ಟ ಚೌಕವಾಯಿತು. ವಿಂಡೋಸ್ ಕೀ ಒತ್ತಿದ್ದೇ ತಡ, ಬಾಣ ಹೊರಗೆ ಹಾರಿತು.

"ಸೇವ್ ಮಾಡ್ಕಳಿ. ನಾ ನೋಡಾಕಿಲ್ಲ." ಬೆನ್ನು ತಿರುಗಿಸಿ ನಿಂತ. ಹಿಮಾಲಯ ಹತ್ತುವುದು ಅದಕ್ಕಿಂತ ಸುಲಭವಿತ್ತು.

ಹಿಂದೆ ಪ್ರಿಂಟರ್ ಕಿರ್ರೆಂದಿತು. ಎರಡು ಸಾಲು ಹೊಡೆಯುವಷ್ಟರಲ್ಲಿ ಫ್ಯಾನು, ಪರದೆ, ಪ್ರಿಂಟರ್ ಎಲ್ಲ ಒಟ್ಟಿಗೆ ತಣ್ಣಗಾದವು.

ಅವನ ಭುಜದ ಮೇಲಿನಿಂದ ಹರಿದ ಹಾಳೆಯೊಂದು ಮುಂದೆ ಬಂತು.

'ಪ್ರೀತಿಯ ಮೋಹನ್‌ಕುಮಾರ್ ಅವರಿಗೆ,
ನೀವು ಜಂಬ ಕೊಚ್ಚುವುದನ್ನು ಜೀವನವಿಡೀ'

ಅಲ್ಲಿಗೆ ನಿಂತಿತ್ತು.

"ಜೀವನವಿಡೀ... ಏನ್ರೀ?" ಜಿಲ್ಲೆಯ ಮಹಾಶೂರ ಹಾಳೆ ತಿರುಗಿಸಿ ಹಿಂಬದಿಯಲ್ಲೂ ಹುಡುಕಿದ.

"ಸೇವ್ ಆಗಿದೆ. ಕರೆಂಟ್ ಮೂರಕ್ಕೆ ಬರತ್ತೆ."

"ನಿಮ್ ಬಸ್ಸು ಒಂದಕ್ಕಲ್ವಾ?"

ಇಂಚರ ಕುರ್ಚಿ ಎಳೆದುಕೊಂಡು ಕೂತಳು.

"ನಾಲ್ಕಕ್ಕೂ ಒಂದಿದೆ."