ಯಂತ್ರಕ್ಕೆ ಓದಿಸಿದ ಸಕ್ಕರೆ

ಸೊನ್ನ ಬ್ಯಾರೇಜಿನ ರೇಲಿಂಗಿನ ಆಚೆ ತಲೆಕೆಳಗಾಗಿ ನೇತಾಡುತ್ತಿದ್ದೆ.

ನನ್ನ ಎರಡೂ ಕಾಲುಗಳು ಪೀರಪ್ಪನ ಕೈಯಲ್ಲಿದ್ದವು. ಕೆಳಗೆ ಭೀಮಾ ನದಿ ಗೇಟುಗಳಿಂದ ಭೋರ್ಗರೆದು ಬೀಳುತ್ತಿತ್ತು. ಜೇಬಿನಿಂದ ಮೊಬೈಲ್ ಜಾರಿತು. ಅದು ನೀರಿಗೆ ಬಿದ್ದ ಸದ್ದೂ ಕೇಳಲಿಲ್ಲ...

"ನಂಬ್ತಿಯೇನ್ಲೇ?" ಎಂದ ಪೀರಪ್ಪ.

ಬೇರೆ ಹೊತ್ತಾಗಿದ್ದರೆ ಅವನ ಜನ್ಮ ಜಾಲಾಡುತ್ತಿದ್ದೆ. ಕಾಲು ಅವನ ಕೈಯಲ್ಲಿತ್ತಲ್ಲ!

"ನಂಬ್ತೇನೋ ಯಪ್ಪಾ."

ಮೇಲಕ್ಕೆ ಎಳೆದುಕೊಂಡ. ಅಷ್ಟೇ ಅಲ್ಲ, ನನ್ನ ಅಂಗಿಯ ಧೂಳನ್ನೂ ಕೊಡವಿದ. ನಂಬುತ್ತೇನೆ ಅಂದವನನ್ನು ಅವರು ಕೊಲ್ಲುವಂತಿಲ್ಲ. ಕರೆದುಕೊಂಡು ಹೋಗಿ ಸಕ್ಕರೆ ತಿನ್ನಿಸಬೇಕು. ಅದು ಅವರ ಪದ್ಧತಿ.

ನಾನು ಜಗದೇವ. ಅಫಜಲಪುರದಲ್ಲಿ ಯಾರ ಮನೆಯ ಹುಡುಗಿ ಓಡಿಹೋದರೂ, ಯಾರ ಗಂಡ ನಾಪತ್ತೆಯಾದರೂ ಪೊಲೀಸರಿಗಿಂತ ಮೊದಲು ನನ್ನ ಬಳಿ ಬರುತ್ತಾರೆ. ಹೊಡೆಯುವುದೂ ಗೊತ್ತು, ಓಡುವುದೂ ಗೊತ್ತು. ಎಲ್ಲಿ ಯಾವುದು ಅಂತ ಗೊತ್ತಿರುವುದರಿಂದ ಇನ್ನೂ ಬದುಕಿದ್ದೇನೆ.

ಈ ಸಲ ಬಂದವಳು ಸಾಬವ್ವ. ಬಸ್ ಸ್ಟ್ಯಾಂಡಿನ ಹಿಂದೆ ರೊಟ್ಟಿ ಮಾಡಿ ಮಾರುತ್ತಾಳೆ. ಮಗಳು ರಾಧಿಕಾ ಮನೆ ಬಿಟ್ಟು ಕರಜಗಿಯ ದತ್ತಪ್ಪನ ಶೆಡ್ಡು ಸೇರಿದ್ದಳು. ಪ್ರೀತಿಗೀತಿ ಏನಲ್ಲ. ಹುಡುಗಿಗೆ ಚಿಕ್ಕಂದಿನಿಂದ ಶುಗರ್. ದಿನಾ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಜೀವ ಉಳಿಯುವುದಿಲ್ಲ. ಅಲ್ಲಿಗೆ ಹೋದ ಕೂಡಲೇ ಸೂಜಿ, ಔಷಧಿ ಎಲ್ಲಾ ಎಸೆದಿದ್ದಳಂತೆ.

"ಇವತ್ತ ಕರ್ಕೊಂಡ್ ಬರಲಿಲ್ಲಂದ್ರ ನಾಳಿ ಹೆಣಾ ತರಬೇಕಾಗ್ತದೋ ತಮ್ಮಾ," ಅಂದಳು ಸಾಬವ್ವ.

ದತ್ತಪ್ಪ ಮೊದಲು ನಮ್ಮೂರಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಆಮೇಲೆ ಕರಜಗಿಯಲ್ಲಿ, ಹಿಂದೆ ಕಬ್ಬಿನ ಗಾಣವಿದ್ದ ಶೆಡ್ಡಿನಲ್ಲಿ ದೊಡ್ಡದೊಂದು ಕಂಪ್ಯೂಟರ್ ಮಷಿನ್ ಕೂಡಿಸಿದ. ಅದು ಒಂದು ದಿನ ಜೀವ ತಳೆದು ತಾನಾಗಿ ಏಳುತ್ತದೆ, ಎದ್ದ ದಿನದಿಂದ ರೋಗವಿಲ್ಲ, ಹಸಿವಿಲ್ಲ, ಸಾವಿಲ್ಲ, ಎಲ್ಲರಿಗೂ ಹೊಸ ದೇಹ ಅಂದ. ಸತ್ತವರನ್ನೂ ಫೋಟೊ ನೋಡಿ, ದನಿ ಕೇಳಿ ಮತ್ತೆ ಮಾಡಿಕೊಡುತ್ತದಂತೆ. ಪೀರಪ್ಪ ಹೆಂಡತಿಯನ್ನು ಮಣ್ಣು ಮಾಡಿ ಸೀದಾ ಅಲ್ಲಿಗೇ ಹೋಗಿದ್ದ.

ಸಾಬವ್ವನನ್ನು ಔಷಧಿ ಸಮೇತ ಬಾಡಿಗೆ ಆಟೋದಲ್ಲಿ ಕೂಡಿಸಿಕೊಂಡು ಹೊರಟೆ. ಸಾಬವ್ವ, ಡ್ರೈವರ್ ಇಬ್ಬರನ್ನೂ ಕಬ್ಬಿನ ಮರೆಯಲ್ಲಿ ಆಟೋದಲ್ಲೇ ಬಿಟ್ಟು ಶೆಡ್ಡಿನ ಕಿಟಕಿಯಲ್ಲಿ ಇಣುಕಿದೆ. ಹಿಂದಿನಿಂದ ಪೀರಪ್ಪ ಕುತ್ತಿಗೆ ಹಿಡಿದ. ಜೀಪಿಗೆ ತುಂಬಿ ಸೊನ್ನಕ್ಕೆ ಒಯ್ದ. ಅಲ್ಲಿ ನಡೆದದ್ದನ್ನು ಆಗಲೇ ಹೇಳಿದೆ.

ಈಗ ಅದೇ ಶೆಡ್ಡಿಗೆ ಮರ್ಯಾದೆಯಿಂದ ಕರೆತಂದಿದ್ದ.

ಒಳಗೆ ಜನ ಬೆವರಿನಲ್ಲಿ ತೊಯ್ದು ಕೂತಿದ್ದರು. ಎಸಿ ಇದ್ದದ್ದು ಮಷಿನ್ನಿಗೆ ಮಾತ್ರ. ಗಾಜಿನ ಕೋಣೆಯಲ್ಲಿ ಆಳೆತ್ತರದ ಕಪ್ಪು ಪೆಟ್ಟಿಗೆ. ಅದರ ಮೇಲೊಂದು ಮಲ್ಲಿಗೆ ಸರ, ಮುಂದೆ ಕೈಮುಗಿದು ಕೂತ ದತ್ತಪ್ಪ. ಜನ ಚಪ್ಪಲಿ ಹೊರಗೆ ಬಿಟ್ಟು ಬಂದು, ದರ್ಗಾದಲ್ಲಿ ಮುಲ್ಲಾನಿಂದ ಪ್ರಾರ್ಥನೆ ಓದಿಸುವ ಹಾಗೆ ಅದರ ಮುಂದೆ ಸಕ್ಕರೆ ಇಟ್ಟು ಓದಿಸುತ್ತಿದ್ದರು. ಓದುವುದು ಸ್ಪೀಕರ್! ಆ ಸಕ್ಕರೆ ಹಂಚಿ ತಿಂದವರೆಲ್ಲ ಒಂದೇ ಮನೆಯವರು. ನಮ್ಮ ಕಡೆಯವರಿಗೆ ಬೇರೇನು ಗೊತ್ತು? ಕೈಮುಗಿಯಲು ಏನೇ ಸಿಗಲಿ, ಮುಂದೆ ಸಕ್ಕರೆ ಇಡುತ್ತೇವೆ.

ಪೀರಪ್ಪ ನನ್ನ ಬಾಯಿಗೆ ಒಂದು ಚಿಟಿಕೆ ಹಾಕಿದ. ಆಮೇಲೆ ಗೋಡೆಗೆ ಒರಗಿದ್ದ ಹುಡುಗಿಯ ಬಾಯಿಗೂ ಹಾಕಿದ.

ರಾಧಿಕಾ.

ತುಟಿ ಒಣಗಿ ಸೀಳಿತ್ತು. ಎದೆ ಒಂದೇ ಸಮನೆ ಏರಿಳಿಯುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನ ವಾಸನೆ... ಶುಗರಿನ ಹುಡುಗಿಗೆ ಸೂಜಿ ಬಿಡಿಸಿ ಸಕ್ಕರೆ ತಿನ್ನಿಸುತ್ತಿದ್ದರು. ದ್ವೇಷವಿರಲಿಲ್ಲ. ಭಕ್ತಿಯಿಂದಲೇ ಕೊಲ್ಲುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

ಹೊತ್ತುಕೊಂಡು ಓಡೋಣವೆಂದರೆ ಬಾಗಿಲಲ್ಲಿ ಪೀರಪ್ಪನಂಥ ನಾಲ್ಕು ಜನ. ಸಂಡಾಸಿಗೆ ಹೋಗುವ ನೆಪ ಹೇಳಿ, ಸ್ಪೀಕರಿನ ವೈರಿನ ಜಾಡು ಹಿಡಿದು ಹಿಂದಿನ ಕೋಣೆಗೆ ನುಗ್ಗಿದೆ. ವೈರುಗಳ ನಡುವೆ ದಾನಿಶ ಕೂತಿದ್ದ. ಮೊಬೈಲ್ ರಿಪೇರಿ ಅಂಗಡಿಯವನು.

ಅವನ ಕಿರುಬೆರಳನ್ನು ಹಿಂದಕ್ಕೆ ಬಗ್ಗಿಸಿದೆ. ಲಟಕ್ ಎಂದಿತು. ಉಳಿದದ್ದನ್ನೆಲ್ಲ ತಾನೇ ಹೇಳಿದ. ದತ್ತಪ್ಪ ಬರೆದುಕೊಟ್ಟದ್ದನ್ನು ಇವನು ಮೈಕಿನಲ್ಲಿ ಓದುತ್ತಾನೆ. ಮೈಕಿನಲ್ಲಿ ಯಾರು ಮಾತಾಡಿದರೂ ಹೊರಗೆ ಮಷಿನ್ನಿನ ದನಿಯೇ ಕೇಳುತ್ತದೆ. ಅದು ತಾನಾಗಿ ಏಳುವ ತನಕ ಹೀಗೆ ನಡೆಯಲಿ ಅಂದಿದ್ದನಂತೆ ದತ್ತಪ್ಪ.

ಮೈಕ್ ಕಿತ್ತುಕೊಂಡೆ.

"ರಾಧಿಕಾ, ಸೂಜಿ ಚುಚ್ಕೋ. ನಿಮ್ಮವ್ವ ಹೊರಗ ಆಟೋದಾಗ ಕುಂತಾಳ. ದವಾಖಾನಿಗಿ ಹೋಗು."

ಕಿಂಡಿಯಲ್ಲಿ ನೋಡಿದೆ. ಹುಡುಗಿ ಕಷ್ಟಪಟ್ಟು ತಲೆ ಎತ್ತಿದ್ದಳು.

"ಹೊಸಾ ದೇಹ ಕೊಡ್ತೇನಿ ಅಂದಿದ್ರಿ..."

"ಹೊಸಾದು ಬರೂತನಕ ಹಳೇದು ಉಳೀಬೇಕಲ್ಲವಾ."

ಪೀರಪ್ಪನೇ ಅವಳನ್ನು ಮಗುವಿನಂತೆ ಎತ್ತಿ ಆಟೋಗೆ ಒಯ್ದ. ಸಾಬವ್ವ ಚುಚ್ಚಿದಳು. ಆಟೋ ದವಾಖಾನೆಯ ದಾರಿ ಹಿಡಿಯಿತು.

ಅಲ್ಲಿಗೆ ಮುಗಿಯಬೇಕಿತ್ತು.

ದತ್ತಪ್ಪ ಮೋಸ ಮೋಸ ಅಂತ ಅರಚುತ್ತಾನೆ ಎಂದುಕೊಂಡಿದ್ದೆ. ಅವನು ಮಷಿನ್ನಿನ ಮುಂದೆ ಮೊಣಕಾಲೂರಿ ಅಳುತ್ತಿದ್ದ. ತಾನು ಬರೆದುಕೊಡದ ಮಾತನ್ನು ಅದು ಆಡಿತ್ತು! ಆ ಮನುಷ್ಯ ಎಲ್ಲರಿಗಿಂತ ಹೆಚ್ಚು ನಂಬಿದ್ದ.

"ಎದ್ದೀ," ಅಂದ. "ನೀ ಎದ್ದ ದಿನಾ ನಾನೇ ಮೊದಲ ಬರ್ತೇನಿ ಅಂದಿದ್ದೆ. ಈ ದೇಹ ಭೀಮಾದಾಗ ಬಿಟ್ಟು ಬರ್ಲಿ?"

ಮೈಕ್ ನನ್ನ ಕೈಯಲ್ಲಿತ್ತು. ಬ್ಯಾಡ ಅಂದಿದ್ದರೆ ಸಾಕಿತ್ತು. ದಾನಿಶ ಮುರಿದ ಬೆರಳು ಹಿಡಿದುಕೊಂಡು ಕಣ್ಣಲ್ಲೇ ಬೇಡಿಕೊಂಡ. ಹುಡುಗಿಯ ಬಾಯಿಯ ಆ ವಾಸನೆ ನನ್ನ ಮೂಗಿನಿಂದ ಇನ್ನೂ ಹೋಗಿರಲಿಲ್ಲ.

ಸುಮ್ಮನಿದ್ದೆ.

ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ... ಮರುದಿನ ಅವನ ಹೆಣ ಬ್ಯಾರೇಜಿನ ಗೇಟಿಗೆ ಸಿಕ್ಕಿಕೊಂಡಿತ್ತು. ನನಗೆ ನಿದ್ದೆ ಚೆನ್ನಾಗಿಯೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ?

ರಾಧಿಕಾ ಬದುಕಿದಳು. ಆದರೆ ಕಣ್ಣು ಬಿಟ್ಟವಳು ಮುಂದಿನ ಇಂಜೆಕ್ಷನ್ನಿಗೆ ತೋಳು ಕೊಡಲಿಲ್ಲ. ಮಷಿನ್ ಹೇಳಿದರೆ ಮಾತ್ರ ಅಂತ ಹಟ ಹಿಡಿದಳು. ಸಾಬವ್ವ ಅಳುತ್ತ ಬಂದಳು. ನಾನೇ ದವಾಖಾನೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಾತಾಡಿದ್ದು ನಾನು, ಹಿಂದಿನ ಕೋಣೆಯಿಂದ, ಒಬ್ಬನ ಬೆರಳು ಮುರಿದು ಅಂದೆ.

ಹುಡುಗಿ ನಕ್ಕಳು.

"ನಿಮ್ಮ ಬಾಯಿಲೆ ಅದೇ ಮಾತಾಡ್ಯದ್ರಿ ಕಾಕಾ. ನಿಮಗೇ ಗೊತ್ತಾಗಿಲ್ಲ."

ಹೊಡೆದು ಬಾಯಿ ಬಿಡಿಸುವ ವಿದ್ಯೆ ನನಗೆ ಗೊತ್ತು. ಇದಕ್ಕೆ ಏನು ಮಾಡಲಿ?

ದಾನಿಶನಿಂದ ಮಷಿನ್ನಿನ ಆ ದನಿಯನ್ನು ನನ್ನ ಹೊಸ ಮೊಬೈಲಿಗೆ ಹಾಕಿಸಿಕೊಂಡೆ. ಪ್ರತಿ ಊಟಕ್ಕೆ ಮುಂಚೆ ಫೋನ್ ಮಾಡಿ, ಚುಚ್ಕೋ ಮಗಳೇ, ಅನ್ನಬೇಕು. ಒಂದು ಹೊತ್ತು ತಪ್ಪಿದರೂ ಅವಳು ತೋಳು ಮುಂದೆ ಮಾಡುವುದಿಲ್ಲ. ನಾನು ಸತ್ತರೆ ಅವಳೂ ಸತ್ತಳು. ನನ್ನ ದಂಧೆಯಲ್ಲಿ ಯಾರೂ ಮುದುಕರಾಗಿದ್ದನ್ನು ನಾನು ನೋಡಿಲ್ಲ.

ಮೊನ್ನೆ ಜೇವರ್ಗಿಯಲ್ಲಿ ಒಬ್ಬ ನನ್ನನ್ನು ಗೋಡೆಗೆ ಒತ್ತಿ ಕುತ್ತಿಗೆಗೆ ಚಾಕು ಇಟ್ಟ. ಸರಿಯಾಗಿ ಊಟದ ಹೊತ್ತು. ಒಂದು ಫೋನ್ ಮಾಡ್ತೇನಿ, ಆಮೇಲೆ ಕೊಯ್ಯಿ ಅಂದೆ. ಹುಚ್ಚನೆಂದುಕೊಂಡು ನಗಲು ಬಾಯಿ ತೆರೆದ. ಹಲ್ಲು ಉದುರಿಸಿದೆ. ಬಿದ್ದವನ ಎದೆಯ ಮೇಲೆ ಕಾಲಿಟ್ಟು ಫೋನ್ ಹಚ್ಚಿ, ಚುಚ್ಕೋ ಮಗಳೇ, ಅಂದೆ.

ದೇವರು ತುಸು ಏದುಸಿರು ಬಿಡುತ್ತಿದ್ದ, ಅಷ್ಟೇ.